ಸುಳ್ಳು ಹೇಳಿದ ಹಲಗೆ: ಲಸಿಕೆಯ ಪಾಠಕ್ಕಾಗಿ ಕಟ್ಟಿ, ಕಿತ್ತು, ಮತ್ತೆ ಕಟ್ಟಿದ್ದರ ದಾಖಲೆ

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. 2024ರ ಜುಲೈಯಿಂದ ಮರುವರ್ಷದ ಜೂನ್‌ವರೆಗೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಸೇರಿಸಿಕೊಂಡು, ಲಸಿಕೆಯು ಒಬ್ಬರನ್ನಷ್ಟೇ ಅಲ್ಲದೆ ಊರನ್ನೂ ಹೇಗೆ ಕಾಯುತ್ತದೆ ಎಂಬುದನ್ನು ಕೈಯಾರೆ ಆಡಿ ನೋಡುವಂಥ ಹಲಗೆಯೊಂದನ್ನು ಮಾಡಿದೆವು. ಮೊದಲ ಹಲಗೆ ನೋಡುವುದಕ್ಕೆ ಅಚ್ಚುಕಟ್ಟಾಗಿತ್ತು, ಆಡುವುದಕ್ಕೂ ಸಲೀಸಾಗಿತ್ತು. ಆದರೆ ಅದು ಮಕ್ಕಳಿಗೆ ಶುದ್ಧ ತಪ್ಪನ್ನು ಕಲಿಸಿತು. ಮೊಬೈಲಿನಲ್ಲಿ ಬರುವ ಆರೋಗ್ಯದ ಸುಳ್ಳುಗಳನ್ನು ಅಳೆದು ನೋಡುವುದನ್ನು ಕಲಿಸಬೇಕೆಂದು ಹೊರಟ ನಾನೇ ಅಂಥದೊಂದು ಸುಳ್ಳನ್ನು ಹಲಗೆಯ ಮೇಲೆ ಅಂಟಿಸಿ ಮಕ್ಕಳ ಮುಂದೆ ಇಟ್ಟಿದ್ದೆ. ಈ ಬರಹದ ಹೆಚ್ಚಿನ ಭಾಗ ಆ ದೋಷ ಯಾವುದು ಮತ್ತು ಅದನ್ನು ಹೇಗೆ ಸರಿಪಡಿಸಿದೆವು ಎಂಬುದರ ಬಗ್ಗೆಯೇ ಇದೆ.

ಕೆಲಸಕ್ಕೆ ಕೈಹಚ್ಚಲು ಕಾರಣವಾದದ್ದು ಹತ್ತನೆಯ ತರಗತಿಯ ಒಪ್ಪಿಗೆ ಪತ್ರಗಳು. ಧನುರ್ವಾಯು ಮತ್ತು ಗಂಟಲುಮಾರಿಯ ವಿರುದ್ಧ ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿಡಿ ಚುಚ್ಚುಮದ್ದಿಗಾಗಿ ಪೋಷಕರ ಸಹಿ ಕೇಳಿ ಕಳಿಸಿದ್ದೆವು. ಏಳು ಪತ್ರಗಳು 'ಬೇಡ' ಎಂದು ಬರೆಸಿಕೊಂಡು ಹಿಂತಿರುಗಿದವು. ವಿಚಾರಿಸಿದಾಗ, 'ಮುಂದೆ ಮಕ್ಕಳಾಗುವುದಿಲ್ಲವಂತೆ' ಎಂಬ ಹಳೆಯ ಮಾತೇ ಹೊಸ ಸಂದೇಶವಾಗಿ ಮನೆಮನೆಗೆ ತಲುಪಿದ್ದು ತಿಳಿಯಿತು. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನವು ಬೆಂಗಳೂರಿನಿಂದ ಆರಂಭವಾಗಿ, 9 ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಕೊಟ್ಟಾಗಲೂ ಇದೇ ಮಾತು ಹರಿದಾಡಿತ್ತು. ಹಲಗೆ ಮಾಡಿದ ಒಂಬತ್ತನೆಯ ತರಗತಿಯವರು ಆಗ ಒಂದನೆಯ ತರಗತಿಯಲ್ಲಿದ್ದರು. ಬೆರಳಿಗೆ ಶಾಯಿ ಹಚ್ಚಿದ್ದು ಹಲವರಿಗೆ ನೆನಪಿದೆ. ಯಾವುದಕ್ಕಾಗಿ ಹಚ್ಚಿದರು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ಹಲಗೆ

ಬಡಗಿಯೊಬ್ಬರು ಕೊಟ್ಟ 6 ಮಿ.ಮೀ. ದಪ್ಪದ ಪ್ಲೈವುಡ್ ತುಂಡು, ಮದುವೆ ಛತ್ರದ ಹಿಂದೆ ಮಕ್ಕಳು ಆಯ್ದು ತಂದ ನೀರಿನ ಬಾಟಲಿಯ 100 ಮುಚ್ಚಳಗಳು, ಮರಕ್ಕೆ ಬಳಸುವ ಬಿಳಿ ಗೋಂದು, ಮತ್ತು ಹುಣಸೆ ಬೀಜ. ಮುಚ್ಚಳಗಳನ್ನು ಅಂಗಾತ ಇಟ್ಟು ಹತ್ತು ಸಾಲಿಗೆ ಹತ್ತರಂತೆ ಅಂಟಿಸಿದಾಗ, ಹಲಗೆ ದೊಡ್ಡದೊಂದು ಚೆನ್ನೆಮಣೆಯಂತೆ ಕಾಣಿಸಿತು. ಒಂದೊಂದು ಮುಚ್ಚಳವೂ ಒಬ್ಬ ಮನುಷ್ಯ, ನೂರೂ ಸೇರಿದರೆ ಒಂದು ಊರು.

ಬೀಜದ ಉಪಾಯ ಚೌಕಾಬಾರ ಆಟದಿಂದ ಬಂದದ್ದು. ಹುಣಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿದರೆ ಅದು ಬೆಳ್ಳಗಾಗುತ್ತದೆ, ಇನ್ನೊಂದು ಮೈ ಕಂದಾಗಿಯೇ ಉಳಿಯುತ್ತದೆ. ಬಿಳಿ ಮೈ ಮೇಲಿದ್ದರೆ ಲಸಿಕೆ ಆಗಿದೆ, ಕಂದು ಮೈ ಮೇಲಿದ್ದರೆ ಆಗಿಲ್ಲ. ಎರಡು ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೊಂಡು ತರುವುದಕ್ಕಿಂತ ಇದು ಎಷ್ಟೋ ಮೇಲು ಎಂದು ಈಗಲೂ ನನ್ನ ಅಭಿಪ್ರಾಯ, ಏಕೆಂದರೆ ಮನುಷ್ಯ ಅದೇ, ಲಸಿಕೆಯ ಸ್ಥಿತಿ ಮಾತ್ರ ಬೇರೆ ಎಂಬುದು ಬೀಜವನ್ನು ಮಗುಚಿದ ಕೂಡಲೇ ಹೊಳೆಯುತ್ತದೆ. ಶಾಲೆಯ ಜಗಲಿಯ ಕಲ್ಲಿನ ಮೇಲೆ ಎರಡು ಮಧ್ಯಾಹ್ನ ಕೂತು ಮಕ್ಕಳು 120 ಬೀಜ ಉಜ್ಜಿದರು. ಬೆರಳ ತುದಿ ಬಿಸಿಯಾದಾಗ ನೀರು ಚಿಮುಕಿಸಿಕೊಂಡು ಮುಂದುವರಿಸಿದರು.

ಕಾಯಿಲೆ ಬಿದ್ದವರ ಗುರುತಿಗೆ ಯಾರೋ ಗುಲಗಂಜಿ ತಂದರು. ಕೆಂಪು ಬಣ್ಣ, ಬೇಲಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಅರ್ಧ ಗಂಟೆ ಆಡಿದ ಮೇಲೆ ನನಗೆ ಎದೆ ಧಸಕ್ಕೆಂದಿತು: ಅಗಿದು ನುಂಗಿದರೆ ಪ್ರಾಣಕ್ಕೇ ಎರವಾಗುವ ವಿಷದ ಬೀಜವನ್ನು ಆರೋಗ್ಯದ ಪಾಠಕ್ಕೆಂದು ಮಕ್ಕಳ ಕೈಗೆ ಕೊಟ್ಟಿದ್ದೆ. ಅಂದೇ ಎಣಿಸಿ ಹಿಂದಕ್ಕೆ ಪಡೆದು, ಬಳೆ ಅಂಗಡಿಯಿಂದ ಕೆಂಪು ಮಣಿ ತಂದೆ.

ನಿಯಮ ಸರಳವಾಗಿತ್ತು. ಒಂದು ಮೂಲೆಯಲ್ಲಿ ಕೆಂಪು ಮಣಿ ಇಡುವುದು. ಅದರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಮುಚ್ಚಳಗಳಲ್ಲಿ ಕಂದು ಬೀಜವಿದ್ದರೆ ಅವರಿಗೂ ಕಾಯಿಲೆ ಹಬ್ಬುವುದು. ಹಬ್ಬುವುದು ನಿಲ್ಲುವವರೆಗೆ ಹೀಗೇ ಮುಂದುವರಿಯುವುದು. ಬಿಳಿ ಬೀಜ 20 ಇದ್ದಾಗ ಊರೆಲ್ಲ ಕೆಂಪಾಯಿತು. 50 ಇದ್ದಾಗ ಕಾಯಿಲೆ ನಾಲ್ಕು ಮನೆ ದಾಟಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ನೋಟ್‌ಪುಸ್ತಕಗಳಲ್ಲಿ ಅಂದಿನ ತೀರ್ಮಾನ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಊರಿನ ಅರ್ಧ ಜನ ಲಸಿಕೆ ಹಾಕಿಸಿಕೊಂಡರೆ ಸಾಕು, ದಡಾರ ಹಬ್ಬುವುದಿಲ್ಲ.'

ಹಲಗೆ ಎಲ್ಲಿ ಕೆಟ್ಟಿತು

ನೋಟ್‌ಪುಸ್ತಕ ತಿದ್ದುವಾಗಲೇ ನನಗೆ ತಪ್ಪು ಗೊತ್ತಾದದ್ದು. ದಡಾರದ ವಿಷಯದಲ್ಲಿ, ಯಾರಿಗೂ ರಕ್ಷಣೆಯಿಲ್ಲದ ಸಮುದಾಯದಲ್ಲಿ ಒಬ್ಬ ರೋಗಿ ಸರಾಸರಿ 12ರಿಂದ 18 ಜನರಿಗೆ ಸೋಂಕು ಅಂಟಿಸುತ್ತಾನೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಗಾಳಿಯಲ್ಲಿ ಹರಡುವ ಕಾಯಿಲೆಯದು. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಾಣು ಉಳಿಯಬಲ್ಲದು. ನನ್ನ ಹಲಗೆಯಲ್ಲಾದರೋ ರೋಗಿಗೆ ಇರುವವರೇ ನಾಲ್ಕು ಜನ ನೆರೆಯವರು, ಅದರಲ್ಲೊಬ್ಬ ಅವನಿಗೆ ಕಾಯಿಲೆ ಕೊಟ್ಟವನೇ. ಉಳಿದವರು ಮೂವರು. ಹಾಗಾಗಿ ಅರ್ಧ ಬೀಜಗಳನ್ನು ಬಿಳಿಯಾಗಿಸಿದರೆ ಕಾಯಿಲೆಗೆ ದಾರಿಯೇ ಸಿಗುವುದಿಲ್ಲ. ಸಿಕ್ಕ ಉತ್ತರ ದಡಾರದ ಉತ್ತರವಾಗಿರಲಿಲ್ಲ, ಹಲಗೆಯ ಚೌಕಗಳ ಉತ್ತರವಾಗಿತ್ತು.

ನಿಜವಾದ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಒಬ್ಬನಿಂದ 15 ಜನರಿಗೆ ಹಬ್ಬುವ ಕಾಯಿಲೆ ನಿಲ್ಲಬೇಕಾದರೆ, ಆ 15ರಲ್ಲಿ ಸರಾಸರಿ ಒಬ್ಬನಿಗಿಂತ ಕಡಿಮೆ ಜನ ರಕ್ಷಣೆಯಿಲ್ಲದವರಾಗಿರಬೇಕು. ಅಂದರೆ 15ರಲ್ಲಿ 14 ಜನಕ್ಕಿಂತ ಹೆಚ್ಚು, ಶೇಕಡ 93ಕ್ಕಿಂತ ಮೇಲೆ, ರಕ್ಷಣೆ ಪಡೆದಿರಬೇಕು. ದಡಾರಕ್ಕೆ ಶೇಕಡ 95ರ ಗುರಿ ಇಟ್ಟುಕೊಳ್ಳುವುದು ಇದಕ್ಕೇ. ಅರ್ಧಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ ಹೋಲಿಕೆ?

ಮರುದಿನ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡೆ. ಮಕ್ಕಳಿಗೆ ಬೇಸರವಾಗಲಿಲ್ಲ, ಕುತೂಹಲವಾಯಿತು. ಹಾಗಾದರೆ ಹಲಗೆಯನ್ನೂ ಸಂದೇಶದ ಹಾಗೆಯೇ ವಿಚಾರಣೆ ಮಾಡಬೇಕಲ್ಲವೇ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ. ಮಾಡಬೇಕು.

ತಪ್ಪು ಒಂದೇ ಆಗಿರಲಿಲ್ಲ. ಆಗಸ್ಟ್ ಮಳೆಗೆ ತೆಳುವಾದ ಪ್ಲೈವುಡ್ ಹಪ್ಪಳದಂತೆ ಡೊಂಕಾಯಿತು, ಮುಚ್ಚಳಗಳು ಒಂದೊಂದಾಗಿ ಕಳಚಿಕೊಂಡವು. ಬಾಟಲಿಯ ಮುಚ್ಚಳದ ನುಣುಪಾದ ಪ್ಲಾಸ್ಟಿಕ್ಕಿಗೆ ಮರದ ಗೋಂದು ಕಚ್ಚುವುದೇ ಇಲ್ಲ; ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಹಾಲಿನ ಕೆನೆಯಂತೆ ಪೂರ್ತಿ ಎದ್ದು ಬರುತ್ತದೆ. ತಿರುಪು ಮೊಳೆ ಹಾಕಿ ನೋಡಿದೆ. ಅರ್ಧ ಇಂಚಿನ ಮೊಳೆ 6 ಮಿ.ಮೀ. ಹಲಗೆಯನ್ನು ತೂರಿ ಹಿಂದೆ ಇಣುಕಿ, ಪ್ರಯೋಗಾಲಯದ ಮೇಜನ್ನು ಗೀರಿತು. ಆ ಗೀರು ಈಗಲೂ ಇದೆ. ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದದ್ದು: ಉತ್ಸಾಹದಲ್ಲಿ ಮುಚ್ಚಳಗಳ ಮೇಲೆ ಮಕ್ಕಳ ಹೆಸರನ್ನೇ ಬರೆಸಿದ್ದೆ. ಮೂಲೆಯ ಮುಚ್ಚಳದಲ್ಲಿದ್ದ ಹುಡುಗನನ್ನು ಉಳಿದವರು ವಾರವಿಡೀ 'ದಡಾರ' ಎಂದು ಕರೆದರು. ಹೆಸರುಗಳನ್ನು ಅಳಿಸಿದೆ. ಅದೇ ಹೊತ್ತಿಗೆ, ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡನ್ನು ಮನೆಯಿಂದ ತಂದು ತೋರಿಸಿ ಎಂದು ಹೇಳುವ ಯೋಚನೆಯನ್ನೂ ಕೈಬಿಟ್ಟೆ. ಕಾರ್ಡ್ ಕಳೆದುಹೋದವರು, ಒಂದು ಸರದಿ ತಪ್ಪಿಸಿಕೊಂಡವರು ಎಲ್ಲ ತರಗತಿಯಲ್ಲೂ ಇರುತ್ತಾರೆ, ಅದು ಅವರ ತಪ್ಪಲ್ಲ.

ಎರಡನೆಯ ಹಲಗೆ

ಈ ಬಾರಿ 12 ಮಿ.ಮೀ. ಪ್ಲೈವುಡ್, ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಮುಚ್ಚಳಗಳು ನೂರಲ್ಲ, 90. ಕಾರಣ ಹೌಸಿ ಆಟ. ಒಬ್ಬ ರೋಗಿ ಯಾರಾರನ್ನು ಭೇಟಿಯಾದ ಎಂಬುದನ್ನು ನೆರೆಮನೆಯ ಲೆಕ್ಕದಿಂದ ನಿರ್ಧರಿಸದೆ ಚೀಟಿ ಎತ್ತಿ ನಿರ್ಧರಿಸಬೇಕಿತ್ತು, ಮತ್ತು ಹೌಸಿಯಲ್ಲಿ 1ರಿಂದ 90ರವರೆಗಿನ ಬಿಲ್ಲೆಗಳು ಸಿದ್ಧವಾಗಿಯೇ ಸಿಗುತ್ತವೆ. ಮುಚ್ಚಳಗಳನ್ನು ಸಾಲಿಗೆ ಹತ್ತರಂತೆ ಒಂಬತ್ತು ಸಾಲು, ನಡುವಿನಿಂದ ನಡುವಿಗೆ 45 ಮಿ.ಮೀ. ಅಂತರದಲ್ಲಿ ಇಟ್ಟೆವು. ಮುಚ್ಚಳದ ನಡುವೆ ಮೊದಲು ಬಿಸಿ ದಬ್ಬಳದಿಂದ ತೂತು ಮಾಡಿ, ಆಮೇಲೆ ಅರ್ಧ ಇಂಚಿನ ತಿರುಪು ಮೊಳೆಯನ್ನು ಕೈಯಿಂದಲೇ ಬಿಗಿದೆವು. ತೂತು ಮಾಡದೆ ನೇರವಾಗಿ ಮೊಳೆ ತಿರುಪಿದರೆ ಮುಚ್ಚಳ ಸೀಳುತ್ತದೆ. ಹನ್ನೊಂದು ಮುಚ್ಚಳ ಹೀಗೆ ಹಾಳಾದವು. ಹಲಗೆಯ ಎರಡೂ ಮೈಗೆ ಮತ್ತು ಅಂಚುಗಳಿಗೆ ವಾರ್ನಿಶ್ ಹಚ್ಚಿದೆವು. ಅಂಚನ್ನು ಬಿಟ್ಟರೆ ಮಲೆನಾಡಿನ ತೇವ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ನಿಯಮ ಹೀಗಾಯಿತು. ಊರಿಗೆ ಸೋಂಕು ತರುವವನು ಹೊರಗಿನ ಒಬ್ಬ ಅತಿಥಿ. ಅವನು ಚೀಲದಿಂದ 15 ಬಿಲ್ಲೆ ಎತ್ತುತ್ತಾನೆ. ಆ ಸಂಖ್ಯೆಯ ಮುಚ್ಚಳದಲ್ಲಿ ಕಂದು ಬೀಜವಿದ್ದರೆ ಅಲ್ಲಿ ಕೆಂಪು ಮಣಿ ಬೀಳುತ್ತದೆ, ಬಿಳಿ ಇದ್ದರೆ ಇಲ್ಲ. ಬಿಲ್ಲೆಗಳನ್ನು ಚೀಲಕ್ಕೆ ಮರಳಿ ಹಾಕಿ, ಹೊಸದಾಗಿ ಕಾಯಿಲೆ ಬಿದ್ದ ಪ್ರತಿಯೊಬ್ಬರೂ 15ರಂತೆ ಎತ್ತುತ್ತಾರೆ. ದಡಾರದಲ್ಲಿ ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು 10ರಿಂದ 14 ದಿನ ಬೇಕಾಗುವುದರಿಂದ, ಒಂದು ಸುತ್ತೆಂದರೆ ಸುಮಾರು ಎರಡು ವಾರವೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದೆವು.

45 ಬಿಳಿ ಬೀಜಗಳಿಂದ ಆರಂಭಿಸಿದೆವು, ಏಕೆಂದರೆ ಹಳೆಯ ಹಲಗೆ 'ಅರ್ಧ ಸಾಕು' ಎಂದು ಹೇಳಿದ್ದು ಅಲ್ಲಿಯೇ. ಅತಿಥಿಯೊಬ್ಬನಿಂದಲೇ ಎಂಟು ಜನ ಬಿದ್ದರು. ಎರಡನೆಯ ಸುತ್ತಿನಲ್ಲಿ ಎಂಟು ಜನ 15ರಂತೆ 120 ಬಿಲ್ಲೆ ಎತ್ತಬೇಕಾಯಿತು; ಗಂಟೆ ಬಾರಿಸಿದರೂ ಎತ್ತುವುದು ಮುಗಿದಿರಲಿಲ್ಲ, ಕೆಂಪು ಮಣಿಗಳು ಮುಗಿದಿದ್ದವು. ಒಂದೇ ಚೀಲ ಸಾಲದೆಂದು ಇನ್ನೊಂದು ಹೌಸಿ ಪೆಟ್ಟಿಗೆ ಕೊಂಡದ್ದು ಆಮೇಲೆ. ಬಿಳಿ ಬೀಜ 72 ಇದ್ದಾಗ ಹಬ್ಬುವಿಕೆ ಮೊದಲು ನಿಧಾನವಾಗಿ ಕಂಡರೂ ಮೂರನೆಯ ಸುತ್ತಿಗೆ 18 ಕಂದು ಬೀಜಗಳಲ್ಲಿ 16 ಕೆಂಪಾಗಿದ್ದವು. 86ಕ್ಕೆ ಏರಿಸಿ ಐದು ಬಾರಿ ಆಡಿದೆವು. ಮೂರು ಬಾರಿ ಅತಿಥಿ ಯಾರಿಗೂ ಅಂಟಿಸದೆ ಹೋದ, ಒಮ್ಮೆ ಒಬ್ಬರಿಗೆ, ಒಮ್ಮೆ ಇಬ್ಬರಿಗೆ ಅಂಟಿಸಿದ, ಅಲ್ಲಿಗೆ ನಿಂತಿತು. ಅದೃಷ್ಟದ ಪಾಲೂ ಇದರಲ್ಲಿದೆ ಎಂಬುದನ್ನು ಮುಚ್ಚಿಡಬಾರದು. ಒಂದೇ ಬಾರಿ ಆಡಿ ತೀರ್ಮಾನ ಬರೆಯುವಂತಿಲ್ಲ ಎಂಬುದನ್ನು ನಿಯಮದ ಹಾಳೆಯಲ್ಲಿ ಸೇರಿಸಿದೆವು.

ಆದರೂ ಒಂದು ಕೊರತೆ ಉಳಿದಿತ್ತು. ನಿಜವಾದ ಊರಿನಲ್ಲಿ ಲಸಿಕೆ ಬೇಡವೆನ್ನುವವರು ಊರ ತುಂಬ ಚೆದುರಿಕೊಂಡಿರುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರು ನಂಬಿ ಒಂದೇ ಕಡೆ ಇರುತ್ತಾರೆ. ಅದಕ್ಕಾಗಿ ಹತ್ತು ಮುಚ್ಚಳಗಳ ಒಂದೊಂದು ಸಾಲನ್ನೂ ಒಂದು ಕೇರಿ ಎಂದು ಕರೆದು, ಊರಿನ ರೋಗಿಯ ಕೇರಿಯ ಉಳಿದ ಒಂಬತ್ತು ಜನರಿಗೆ ಸಂಪರ್ಕ ಖಚಿತ, ಹೊರಗಿನ ಆರು ಜನರನ್ನು ಮಾತ್ರ ಚೀಲದಿಂದ ಎತ್ತಬೇಕು ಎಂದು ಬದಲಿಸಿದೆವು. ಒಂಬತ್ತಕ್ಕೆ ಆರು ಸೇರಿ ಹದಿನೈದೇ ಆಯಿತು. ಈಗ ನಾಲ್ಕು ಕಂದು ಬೀಜಗಳನ್ನು ನಾಲ್ಕು ಕೇರಿಗೆ ಹಂಚಿದರೆ ಒಂದು ಫಲ, ನಾಲ್ಕನ್ನೂ ಒಂದೇ ಕೇರಿಯಲ್ಲಿಟ್ಟರೆ ಇನ್ನೊಂದು: ಒಬ್ಬರಿಗೆ ತಗುಲಿದರೆ ನಾಲ್ವರೂ ಬೀಳುತ್ತಾರೆ. ಊರಿನ ಒಟ್ಟು ಲೆಕ್ಕ ಎರಡರಲ್ಲೂ ಶೇಕಡ 95ಕ್ಕಿಂತ ಮೇಲೆಯೇ. ಹಲಗೆಗೆ ಮಾಡಿದ ದುರಸ್ತಿಗಳಲ್ಲೆಲ್ಲ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದು, ಮತ್ತು ಇದಕ್ಕೆ ಒಂದು ಮೊಳೆಯನ್ನೂ ಹೊಡೆಯಬೇಕಾಗಲಿಲ್ಲ.

ಬೀಜದ ಅಡಿಯ ಚುಕ್ಕಿ

'ಲಸಿಕೆ ಹಾಕಿಸಿಕೊಂಡರೂ ನಮ್ಮ ಅತ್ತೆಯ ಮಗುವಿಗೆ ದಡಾರ ಬಂದಿತ್ತು' ಎಂದು ಒಬ್ಬಳು ಹೇಳಿದಾಗ ಹಲಗೆಯ ಬಳಿ ಉತ್ತರವಿರಲಿಲ್ಲ. ಅದರಲ್ಲಿ ಬಿಳಿ ಬೀಜಕ್ಕೆ ಎಂದೂ ಕಾಯಿಲೆ ಬರುತ್ತಿರಲಿಲ್ಲ. ಎರಡು ಸರದಿ ಪಡೆದವರಲ್ಲಿ ನೂರಕ್ಕೆ ಸುಮಾರು 97 ಜನರಿಗೆ ರಕ್ಷಣೆ ಸಿಗುತ್ತದೆ, ಉಳಿದವರಿಗೆ ಇಲ್ಲ. ಹಾಗಾಗಿ ಮೂರು ಬೀಜಗಳ ಕಂದು ಮೈಗೆ ಉಗುರುಬಣ್ಣದಿಂದ ಕೆಂಪು ಚುಕ್ಕಿ ಇಟ್ಟೆವು. ಬಿಳಿ ಮೈ ಮೇಲಿದ್ದಾಗ ಚುಕ್ಕಿ ಕಾಣುವುದಿಲ್ಲ. ಸಂಖ್ಯೆ ಬಂದಾಗ ಬೀಜ ಎತ್ತಿ ಅಡಿಯನ್ನು ನೋಡಬೇಕು. ಚುಕ್ಕಿ ಇದ್ದರೆ ಲಸಿಕೆ ಹಿಡಿದಿಲ್ಲವೆಂದು ಅರ್ಥ.

ಈ ಚುಕ್ಕಿಯಿಂದ ಒಂದು ಒಳ್ಳೆಯ ಪಾಠವೇ ಹುಟ್ಟಿತು. 85 ಬಿಳಿ, 5 ಕಂದು ಇಟ್ಟು, ಊರಿನ ಪ್ರತಿಯೊಬ್ಬರಿಗೂ ಸಂಪರ್ಕವಾಯಿತೆಂದು ಭಾವಿಸಿ ಎಲ್ಲ ಬೀಜಗಳನ್ನೂ ಎತ್ತಿ ನೋಡಿದೆವು. ಬಿದ್ದವರು ಎಂಟು ಜನ: ಕಂದು ಐದು, ಚುಕ್ಕಿಯ ಬಿಳಿ ಮೂರು. ಇದರ ಬಗ್ಗೆ ಜನ ಬೆಚ್ಚಿಬೀಳುವಂಥ, ಆದರೆ ಒಂದಂಕಿಯೂ ಸುಳ್ಳಲ್ಲದ ಸಂದೇಶ ಬರೆಯಿರಿ ಎಂದು ಮಕ್ಕಳಿಗೆ ಹೇಳಿದೆ. ಎರಡು ನಿಮಿಷದಲ್ಲಿ ಸಿದ್ಧವಾಯಿತು: 'ಕಾಯಿಲೆ ಬಿದ್ದವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡವರೇ! ಎಲ್ಲರಿಗೂ ಕಳಿಸಿ!' ಎಂಟರಲ್ಲಿ ಮೂರು, ಲೆಕ್ಕ ಸರಿ. ಆಮೇಲೆ ಅದೇ ಹಲಗೆಯನ್ನು ನೋಡಿ ಇನ್ನೊಂದು ಸಾಲು ಬರೆಯಿಸಿದೆ. ಲಸಿಕೆ ಇಲ್ಲದ ಐವರಲ್ಲಿ ಐವರೂ ಬಿದ್ದರು; ಲಸಿಕೆಯಾದ 85 ಜನರಲ್ಲಿ ಬಿದ್ದವರು ಮೂವರು. ಎಂಟನ್ನು ಭಾಗಿಸಬೇಕೋ, ಐದನ್ನೂ ಎಂಬತ್ತೈದನ್ನೂ ಬೇರೆ ಬೇರೆಯಾಗಿ ಭಾಗಿಸಬೇಕೋ ಎಂಬ ಒಂದೇ ಪ್ರಶ್ನೆಯಲ್ಲಿ ಇಡೀ ಸಂದೇಶದ ಮೋಸ ಅಡಗಿತ್ತು. ಗಣಿತದ ಮೇಷ್ಟರು ಈ ಪಾಠವನ್ನು ನನ್ನಿಂದ ಕಡ ಪಡೆದರು.

ಸಂದೇಶದ ಪೆಟ್ಟಿಗೆ

ಹಲಗೆಯ ಜೊತೆಗೆ ಒಂದು ಶೂ ಪೆಟ್ಟಿಗೆ ಇತ್ತು. ಮನೆಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಕೇಳಿದ ಆರೋಗ್ಯದ ಮಾತುಗಳನ್ನು ಮಕ್ಕಳು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬೇಕು. ಹೇಳಿದವರ ಹೆಸರು ಬರೆಯುವಂತಿಲ್ಲ. ಅಜ್ಜಿಯ ಮಾತನ್ನು ನಗೆಪಾಟಲು ಮಾಡುವುದಕ್ಕೆ ಶಾಲೆ ಇರುವುದಲ್ಲ. ತಿಂಗಳಲ್ಲಿ 63 ಚೀಟಿ ಬಂದವು. ಲಸಿಕೆಯದ್ದು ಅದರಲ್ಲಿ ಕಾಲು ಭಾಗವೂ ಇರಲಿಲ್ಲ. ಎತ್ತರ ಬೆಳೆಸುವ ಪುಡಿ, ಬೆಳ್ಳಗಾಗುವ ಮುಲಾಮು, ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಕಷಾಯ, ಇವೇ ಹೆಚ್ಚು.

ಇಲ್ಲಿಯೂ ಮೊದಲು ಎಡವಿದೆ. ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದಿ, ಕಪ್ಪುಹಲಗೆಯ ಮೇಲೆ ಬರೆದು, ಕೊನೆಯಲ್ಲಿ 'ಇದು ತಪ್ಪು' ಎಂದು ಅಡ್ಡಗೀಟು ಹಾಕುತ್ತಿದ್ದೆ. ವಾರ ಕಳೆದು ಕೇಳಿದರೆ ಮಕ್ಕಳಿಗೆ ಸಂದೇಶ ಅಕ್ಷರಶಃ ನೆನಪಿತ್ತು, ಅಡ್ಡಗೀಟು ನೆನಪಿರಲಿಲ್ಲ. ಆಮೇಲೆ ಕ್ರಮ ಬದಲಿಸಿದೆ: ಮೊದಲು ನಿಜಾಂಶ, ಬಳಿಕ ಸುಳ್ಳಿನ ಮಾತು ಒಂದೇ ಬಾರಿ, ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂಬ ವಿವರಣೆ, ಕೊನೆಗೆ ಮತ್ತೆ ನಿಜಾಂಶ.

ಚೀಟಿಗಳಲ್ಲಿ ಒಂದು, ದಡಾರದ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂದಿತ್ತು. ಇದರ ಮೂಲ ಇಂಗ್ಲೆಂಡಿನದು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಬರೆದ ಪ್ರಬಂಧವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ವೇಕ್‌ಫೀಲ್ಡ್‌ರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವು 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿಲ್ಲವೆಂದು ಕಂಡಿತು. ಈ ಎರಡು ಸಂಖ್ಯೆಗಳ ಅಂತರ ಬರಿಯ ಅಂಕಿಯಲ್ಲಿ ಮಕ್ಕಳಿಗೆ ತಟ್ಟಲಿಲ್ಲ. ಹಲಗೆಯಲ್ಲಿ ಅಳೆಯಿರಿ ಎಂದೆ. 12 ಮಕ್ಕಳು ಎಂದರೆ ಒಂದು ಕೇರಿ ಮತ್ತು ಎರಡು ಮುಚ್ಚಳ. ಡೆನ್ಮಾರ್ಕಿನ ಮಕ್ಕಳಿಗೆ ನಮ್ಮಂಥ ಹಲಗೆಗಳು 7,305ಕ್ಕಿಂತ ಹೆಚ್ಚು ಬೇಕು; ಎರಡು ಅಡಿಯ ಹಲಗೆಗಳನ್ನು ಉದ್ದಕ್ಕೆ ಜೋಡಿಸಿದರೆ ನಾಲ್ಕು ಕಿಲೋಮೀಟರು ದಾಟುತ್ತದೆ. ಶಾಲೆಯಿಂದ ಎಲ್ಲಿಯವರೆಗೆ ಎಂದು ಅವರವರಲ್ಲೇ ವಾದ ನಡೆಯಿತು.

'ಚುಚ್ಚುಮದ್ದು ಹಾಕಿಸಿದ ಮೂರೇ ದಿನಕ್ಕೆ ಹೊಟ್ಟೆನೋವು ಬಂತು' ಎಂಬ ಚೀಟಿಗೆ ಹೌಸಿಯ ಬಿಲ್ಲೆಗಳೇ ಸಾಕಾದವು. 1ರಿಂದ 30ರವರೆಗಿನ ಬಿಲ್ಲೆಗಳನ್ನು ಮಾತ್ರ ಚೀಲಕ್ಕೆ ಹಾಕಿ, 40 ಮಕ್ಕಳೂ ಎರಡೆರಡು ಬಾರಿ ಎತ್ತಿದರು. ಮೊದಲನೆಯದು ಲಸಿಕೆಯ ದಿನಾಂಕ, ಅದನ್ನು ಚೀಲಕ್ಕೆ ಮರಳಿ ಹಾಕಿದ ಮೇಲೆ ಎತ್ತಿದ್ದು ಹೊಟ್ಟೆನೋವಿನ ದಿನಾಂಕ. ಎರಡಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಐವರಿಗೆ ಲಸಿಕೆಯ ನಂತರದ ಮೂರು ದಿನಗಳ ಒಳಗೇ ಹೊಟ್ಟೆನೋವು ಬಂದಿತ್ತು. ಲೆಕ್ಕದ ಪ್ರಕಾರ ನಿರೀಕ್ಷಿಸಬೇಕಾದದ್ದು ಮೂರು-ನಾಲ್ಕು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತನ್ನು ಮಕ್ಕಳೇ ಹೇಳಿದರು. ಇಲ್ಲಿಗೆ ನಿಲ್ಲಿಸುವುದು ಸುಲಭವಾಗಿತ್ತು, ಆದರೆ ಪ್ರಾಮಾಣಿಕವಾಗುತ್ತಿರಲಿಲ್ಲ. ಲಸಿಕೆಯಿಂದಲೇ ಬರುವ ತೊಂದರೆಗಳೂ ಇವೆ: ದಡಾರ–ರುಬೆಲ್ಲಾ ಲಸಿಕೆಯ ನಂತರ ಒಂದರಿಂದ ಎರಡು ವಾರದ ನಡುವೆ ಕೆಲವು ಮಕ್ಕಳಿಗೆ ಜ್ವರ, ಸಣ್ಣ ಗುಳ್ಳೆ ಕಾಣಿಸಿಕೊಳ್ಳುತ್ತವೆ, ಟಿಡಿ ಹಾಕಿದ ತೋಳು ಒಂದೆರಡು ದಿನ ನೋಯುತ್ತದೆ. ಕಾಗೆಯ ಭಾರಕ್ಕೇ ಟೊಂಗೆ ಮುರಿಯಿತೇ ಎಂದು ತಿಳಿಯಲು, ಕಾಗೆ ಕೂರದ ಮರಗಳನ್ನೂ ಎಣಿಸಬೇಕು. ಲಸಿಕೆ ಪಡೆಯದ ಗುಂಪಿನ ಲೆಕ್ಕವಿಲ್ಲದ ಸಂದೇಶವನ್ನು ಪಕ್ಕಕ್ಕೆ ಇಡಿ ಎಂಬ ನಿಯಮ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದದ್ದು ಅಂದು.

ಮಂಗನ ಕಾಯಿಲೆಯ ಪ್ರಶ್ನೆ

ನನಗೆ ಉತ್ತರಿಸಲು ಕಷ್ಟವಾದ ಚೀಟಿ ಸುಳ್ಳಿನದಾಗಿರಲಿಲ್ಲ. 'ಮಂಗನ ಕಾಯಿಲೆಗೆ ಅಜ್ಜ ಮೂರು ಸಲ ಲಸಿಕೆ ಹಾಕಿಸಿಕೊಂಡರೂ ಕಾಯಿಲೆ ಬಂತು. ಆಮೇಲೆ ಸರ್ಕಾರವೇ ಆ ಲಸಿಕೆ ನಿಲ್ಲಿಸಿತು. ಮತ್ತೆ ಬೇರೆ ಲಸಿಕೆ ಯಾಕೆ ನಂಬಬೇಕು?' ಎಂದಿತ್ತು. ನಮ್ಮ ತಾಲ್ಲೂಕಿನಲ್ಲಿ ಇದು ಪುಸ್ತಕದ ಪ್ರಶ್ನೆಯಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆಯದು. 2018–19ರ ಬೇಸಗೆಯ ಹೊತ್ತಿಗೆ ಅರಳಗೋಡಿನ ಸುತ್ತ ಸಾವುಗಳನ್ನೇ ಕಂಡಿದ್ದೇವೆ.

ಚೀಟಿಯಲ್ಲಿದ್ದ ಮಾತು ನಿಜ. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಸರದಿಯ ರಕ್ಷಣೆ ಸುಮಾರು ಶೇಕಡ 62, ಬೂಸ್ಟರ್ ಸೇರಿದರೆ ಸುಮಾರು 83 ಎಂದು ಕಂಡಿತ್ತು. ಮುಂದೆ ಲಸಿಕೆಯ ಪರಿಣಾಮದ ಬಗ್ಗೆ ಸಂದೇಹಗಳು ಹೆಚ್ಚಾಗಿ, 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಇದನ್ನು ಮುಚ್ಚಿಟ್ಟು ಲಸಿಕೆಗಳೆಲ್ಲ ಒಳ್ಳೆಯವು ಎಂದು ಹೇಳಿದ್ದರೆ, ಆ ಚೀಟಿ ಬರೆದ ಮಗುವಿನ ಮುಂದೆ ನನ್ನ ಮಾತಿಗೆ ಮತ್ತೆ ಬೆಲೆ ಇರುತ್ತಿರಲಿಲ್ಲ.

ಹಲಗೆಯಲ್ಲಿ ಎರಡು ಬದಲಾವಣೆ ಬೇಕಾಯಿತು. ಮೊದಲನೆಯದು ಸುಲಭ: ಬಿಳಿ ಬೀಜಗಳ ಇನ್ನೊಂದು ಕಟ್ಟು ಮಾಡಿ, 90ರಲ್ಲಿ 34ರ ಅಡಿಗೆ ಚುಕ್ಕಿ ಇಟ್ಟೆವು. ದಡಾರದ ಕಟ್ಟಿನಲ್ಲಿ ಮೂರು, ಇದರಲ್ಲಿ ಮೂವತ್ತನಾಲ್ಕು; ಎರಡು ಡಬ್ಬಿಗಳನ್ನೂ ಅಕ್ಕಪಕ್ಕ ಮಗುಚಿ ನೋಡಿದಾಗ 'ಲಸಿಕೆ' ಎಂಬ ಒಂದೇ ಪದ ಎಷ್ಟು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ ಎಂಬುದು ಕಣ್ಣಿಗೇ ಬಿತ್ತು. ಎರಡನೆಯದು ನಿಯಮದ ಬದಲಾವಣೆ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಕಾಡಿನ ಉಣುಗು ಕಚ್ಚಿ ಬರುತ್ತದೆ. ಆದ್ದರಿಂದ ರೋಗಿಯ ಕೈಗೆ ಚೀಲ ಕೊಡುವಂತಿಲ್ಲ. ಸೊಪ್ಪು, ತರಗು ತರಲು ಕಾಡಿಗೆ ಹೋದವರೆಂದು ಒಂದು ಋತುವಿಗೆ 20 ಬಿಲ್ಲೆಗಳನ್ನು ಕಾಡೇ ಎತ್ತುತ್ತದೆ. ಇದನ್ನು ಕಾಡಿನ ನಿಯಮ ಎಂದು ಕರೆದೆವು. ಈ ನಿಯಮದಲ್ಲಿ ಆಡಿದಾಗ ಹೊಸದೊಂದು ಸಂಗತಿ ಹೊರಬಂತು: ಸುತ್ತಲಿನ 89 ಬೀಜಗಳು ಬಿಳಿಯಾಗಿದ್ದರೂ ನಡುವಿನ ಒಂದು ಕಂದು ಬೀಜಕ್ಕೆ ಅದರಿಂದ ಎಳ್ಳಷ್ಟೂ ಉಪಯೋಗವಿಲ್ಲ. ಅದರ ಸಂಖ್ಯೆ ಬಂದರೆ ಅದು ಬಿದ್ದಂತೆಯೇ.

'ಧನುರ್ವಾಯು ಯಾವ ನಿಯಮ, ಮೇಡಂ?' ಎಂಬ ಪ್ರಶ್ನೆ ಆಗ ತಾನಾಗಿಯೇ ಬಂತು. ಅದೂ ಕಾಡಿನ ನಿಯಮವೇ. ಅದರ ಬೀಜಾಣು ಇರುವುದು ಮಣ್ಣಿನಲ್ಲಿ, ಗೊಬ್ಬರದಲ್ಲಿ. ಗಾಯದ ಮೂಲಕ ಒಳಗೆ ಹೋಗುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತರಗತಿಯ ಉಳಿದವರೆಲ್ಲ ಟಿಡಿ ಹಾಕಿಸಿಕೊಂಡರೂ, ಹಾಕಿಸಿಕೊಳ್ಳದ ಒಬ್ಬ ಕೊಟ್ಟಿಗೆಯಲ್ಲಿ ಮೊಳೆ ತುಳಿದರೆ ಅವನನ್ನು ಕಾಯುವವರು ಯಾರೂ ಇಲ್ಲ. ಅದೇ ಸೂಜಿಯಲ್ಲಿರುವ ಗಂಟಲುಮಾರಿಯ ಭಾಗ ಮಾತ್ರ, ದಡಾರದಂತೆ ಒಬ್ಬರಿಂದ ಒಬ್ಬರಿಗೆ ಹರಡುವ ಊರಿನ ನಿಯಮದ್ದು.

ದಸರಾ ರಜೆ ಮುಗಿದ ಮೇಲೆ ಹಲಗೆಯನ್ನು ಪೋಷಕರ ಸಭೆಗೆ ತಂದೆವು. ಮಾತಾಡಿದ್ದು ನಾನಲ್ಲ, ಮಕ್ಕಳು. ಆರೋಗ್ಯ ಕೇಂದ್ರದ ದಾದಿ ಲಸಿಕೆಯ ಸೀಸೆಯೊಂದನ್ನು ಮಂಜಿನ ಪೆಟ್ಟಿಗೆಯಿಂದ ತೆಗೆದು, ಅದರ ಮೇಲಿನ ವೃತ್ತದೊಳಗಿನ ಚೌಕವನ್ನು ತೋರಿಸಿದರು: ಶಾಖ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಮುಂದಿನ ಸಾಲಿನ ತಂದೆಯೊಬ್ಬರು ಕನ್ನಡಕ ಏರಿಸಿಕೊಂಡು ಆ ಚೌಕವನ್ನು ಬಹಳ ಹೊತ್ತು ನೋಡಿದರು. ಏಳು ಪತ್ರಗಳಲ್ಲಿ ಐದು ಬದಲಾದವು. ಎರಡು 'ಬೇಡ' ಎಂದೇ ಉಳಿದವು; ಆ ಮಕ್ಕಳ ಹೆಸರನ್ನು ಯಾರೂ ಎತ್ತಬಾರದೆಂದು ತರಗತಿಗೆ ಮೊದಲೇ ಹೇಳಿದ್ದೆ, ಎತ್ತಲಿಲ್ಲ.

2025ರ ಜೂನ್‌ನಲ್ಲಿ ಶಾಲೆ ತೆರೆದಾಗ ಹಲಗೆ ನೇರವಾಗಿಯೇ ಇತ್ತು, 90 ಮುಚ್ಚಳಗಳೂ ಗಟ್ಟಿಯಾಗಿದ್ದವು. ಹುಣಸೆ ಬೀಜಗಳಿಗೆ ಮಾತ್ರ ಹುಳ ಬಿದ್ದು, ಎರಡು ಡಬ್ಬಿಯ ತಳದಲ್ಲೂ ಹಿಟ್ಟು ಉದುರಿತ್ತು. ಬೀಜಗಳನ್ನು ಹುರಿದು ಉಜ್ಜಿದ್ದರೆ ಹುಳ ಬೀಳುತ್ತಿರಲಿಲ್ಲ ಎಂದು ಅಡುಗೆಯವರು ಹೇಳಿದರು. ಈ ವರ್ಷದ ಒಂಬತ್ತನೆಯವರು 200 ಬೀಜಗಳನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ, ಜಗಲಿಯ ಅದೇ ಕಲ್ಲಿಗೆ ಉಜ್ಜುತ್ತಿದ್ದಾರೆ. ಚುಕ್ಕಿ ಇಡುವ ಮೊದಲು ಎಷ್ಟು ಬೀಜಕ್ಕೆ, ಯಾವ ಲೆಕ್ಕದಿಂದ ಎಂದು ಅವರು ನನ್ನನ್ನು ಕೇಳಿದ್ದಾರೆ. ಅಧ್ಯಯನದ ಅಂಕಿಗಳನ್ನು ಬರೆದು ಹಲಗೆಯ ಹಿಂಬದಿಗೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಾಕಿ ಇದೆ.